ಆರನೇ ರೂಮಿನವನು

ಬೆಡ್‌ಶೀಟಿನ ಮೂರು ಮೂಲೆಗಳನ್ನು ಹಾಸಿಗೆಯಡಿ ತುರುಕಿ ನಾಲ್ಕನೆಯದನ್ನು ಎಳೆಯುತ್ತಿದ್ದಾಗ ಹೊರಗೆ ಮ್ಯಾನೇಜರ್ ಖನ್ಯೀಲೆಯ ಕೂಗು ಕೇಳಿಸಿತು.

"ಜಿಬುಯಿಲೆ! ಏ ಜಿಬುಯಿಲೆ, ಸತ್ತ್ಯಾ ಒಳಗೆ? ಎರಡು ಕುರ್ಚಿ ತಗೊಂಡು ಬಾ. ಕಾಲು ಅಲ್ಲಾಡದೆ ಇರೋವು ನೋಡಿ ತಾ."

ಅವಳು ಓಗೊಡಲಿಲ್ಲ. ಮೂಲೆಯನ್ನು ಮಡಿಸಿ ಸಿಕ್ಕಿಸಿದಳು, ಅಂಗೈಯಿಂದ ಉಜ್ಜಿದಳು, ಸುಕ್ಕು ಹೋದ ಮೇಲೂ ಇನ್ನೊಮ್ಮೆ ಉಜ್ಜಿದಳು. ಲಾಡ್ಜಿನ ಉಳಿದೆಲ್ಲ ರೂಮುಗಳಲ್ಲಿ ಕೈ ತಾನಾಗಿ ಓಡುತ್ತಿತ್ತು, ತಲೆ ಇನ್ನೆಲ್ಲೋ ಇರುತ್ತಿತ್ತು. ಈ ಆರನೇ ರೂಮಿನಲ್ಲಿ ಮಾತ್ರ ಕೈಗೆ ತಾನೇನು ಮಾಡುತ್ತಿದ್ದೇನೆಂದು ಗೊತ್ತಾಗುತ್ತಿತ್ತು. ಒಳಗೆ ಯಾರೂ ಇಲ್ಲವೆಂದು ತಿಳಿದಿದ್ದರೂ ಬಾಗಿಲು ತಟ್ಟಿಯೇ ಬರುತ್ತಿದ್ದಳು. ತಟ್ಟಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಯಾರ ದನಿಗೆ ಕಾಯುತ್ತಿದ್ದೇನೆ ಎಂಬ ಪ್ರಶ್ನೆ ಬಾಯಿಗೆ ಬರುವಷ್ಟರಲ್ಲಿ ಬೀಗದ ಕೈ ತಿರುಗಿಸಿಬಿಡುತ್ತಿದ್ದಳು. ಪರದೆ ಸರಿಸಿ ನೋಡಿದಳು. ಲಾರಿಗಳು ನಿಲ್ಲುವ ಅಂಗಳದಂಚಿನಲ್ಲಿ, ಕಾಡ್ಗಿಚ್ಚು ತಡೆಯಲೆಂದು ಸುಟ್ಟು ಕಪ್ಪಾಗಿಸಿದ ಹುಲ್ಲಿನ ಪಟ್ಟಿಯ ಮುಂದೆ, ಒಬ್ಬಳು ಮುದುಕಿ ಕಂದು ಕಂಬಳಿ ಹೊದ್ದು ನಿಂತಿದ್ದಳು. ಅವಳ ಪಕ್ಕದಲ್ಲಿ ಐವತ್ತರ ಆಸುಪಾಸಿನ ಗಂಡಸು. ಅವನ ಕೈಯಲ್ಲಿ ಉಂಪಾಫಾ ಮರದ ಮುಳ್ಳುಕೊಂಬೆ.

ಕರೆಯಲು ಬಂದಿದ್ದಾರೆ. ಜಿಬುಯಿಲೆ ಹಾಸಿಗೆಯ ಅಂಚಿಗೆ ಕೂತಳು, ಈಗಷ್ಟೇ ಬಿಗಿ ಮಾಡಿದ ಶೀಟು ಅವಳ ಭಾರಕ್ಕೆ ಕುಗ್ಗಿತು, ಕೂತದ್ದು ಎಲ್ಲಿ ಎಂದು ತಿಳಿದು ಚಂಗನೆ ಎದ್ದಳು.

ಕರೆಯಲು ಬರುವುದು ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮನೆಯಿಂದ ದೂರ ಸತ್ತವನು ಉಸಿರು ಬಿಟ್ಟ ಜಾಗದಲ್ಲೇ ನಿಂತಿರುತ್ತಾನೆ. ದೇಹವನ್ನು ಊರಿಗೆ ಒಯ್ದು ಹೂತರೂ ಅವನು ಅಲ್ಲೇ. ಮನೆಯವರು ಕೊಂಬೆ ಹಿಡಿದು ಆ ಜಾಗಕ್ಕೇ ಬಂದು ಹೆಸರು ಹಿಡಿದು ಕರೆಯಬೇಕು, ಆಗ ಕೊಂಬೆಗೆ ಬರುತ್ತಾನೆ. ಬಸ್ಸಿನಲ್ಲಿ ಅವನಿಗೂ ಒಂದು ಸೀಟು ಕೊಂಡು, ಹೊಳೆ ಬಂದರೆ ಹೊಳೆ ದಾಟುತ್ತಿದ್ದೇವೆ ಎಂದು ಹೇಳುತ್ತ ಮನೆಗೆ ಕರೆದೊಯ್ಯಬೇಕು. ಅವಳ ಅಪ್ಪ ಗಣಿಯಲ್ಲಿ ಸತ್ತಾಗ ಚಿಕ್ಕಪ್ಪಂದಿರು ಕೊಂಬೆ ಹಿಡಿದು ಹೋಗಿದ್ದರು. ಗಣಿಯವರು ಗೇಟಿನೊಳಗೆ ಬಿಡಲಿಲ್ಲ. ಗೇಟಿನ ಹೊರಗೆ ನಿಂತೇ ಕರೆದು ಬಂದರು. ಆಮೇಲೆ ಆ ಮನೆಯಲ್ಲಿ ಹಸು ಸತ್ತರೆ, ಅಣ್ಣನ ಕೆಲಸ ಹೋದರೆ, ತಂಗಿಯ ಮಗು ನಿಲ್ಲದಿದ್ದರೆ ಅಮ್ಮ ಒಂದೇ ಮಾತು ಹೇಳುತ್ತಿದ್ದಳು: ನೀವು ತಂದದ್ದು ಬರೀ ಕಡ್ಡಿ, ನಿಮ್ಮಣ್ಣ ಇನ್ನೂ ಅಲ್ಲಿ ಕತ್ತಲಲ್ಲಿ ನಿಂತಿದ್ದಾನೆ. ಚಿಕ್ಕಪ್ಪ ತಲೆ ತಗ್ಗಿಸಿ ಮುದ್ದೆಯನ್ನು ಮೊಸರಿನಲ್ಲಿ ಕಲಸುತ್ತಲೇ ಇರುತ್ತಿದ್ದ, ತಿನ್ನುತ್ತಿರಲಿಲ್ಲ.

"ಕಿವಿಗೆ ಏನು ಸೋಪು ತುಂಬಿಕೊಂಡಿದ್ಯೇನೆ?" ಖನ್ಯೀಲೆ ಬಾಗಿಲಿಗೇ ಬಂದಿದ್ದ. ಮ್ಯಾನೇಜರನ ನೀಲಿ ಕೋಟು, ಅದರ ಮೇಲೆ ಹೆಸರಿನ ಬಿಲ್ಲೆ. ಒಳಗೆ ಕಾಲಿಡಲಿಲ್ಲ. ಈ ರೂಮಿನೊಳಗೆ ಅವನು ಕಾಲಿಡುತ್ತಿರಲಿಲ್ಲ. "ಝೋಂಡಿಯ ಮನೆಯವರು ಬಂದಿದ್ದಾರೆ. ತಾಯಿ, ಅಣ್ಣ. ಲಾರಿ ಎಲ್ಲಿ ನಿಂತಿತ್ತು ಅಂತ ಕೇಳ್ತಿದ್ದಾರೆ. ವಾಚ್‌ಮನ್ ಎಂಬಾಥಾ ತೋರಿಸ್ತಾನೆ. ನೀನು ಟೀ ಕೊಡು, ಸಕ್ಕರೆ ಜಾಸ್ತಿ ಹಾಕು, ಮುದುಕಿ ದೂರದಿಂದ ಬಂದಿದೆ."

"ಲಾರಿ ಎಲ್ಲಿ ನಿಂತಿತ್ತು ಅಂತಾನಾ?"

"ಮತ್ತೇನು ಕೇಳ್ಬೇಕು ಅವರು?"

"ಏನಿಲ್ಲ."

"ಅದೇ. ಏನಿಲ್ಲ." ಅವನು ಬಿಲ್ಲೆಯನ್ನು ನೆಟ್ಟಗೆ ಮಾಡಿಕೊಂಡ. "ಮುಖ ತೊಳ್ಕೊ. ಹಳಸಿದ ಮೊಸರಿನ ಹಾಗೆ ಕಾಣ್ತಿದ್ಯಾ."

ಚಾಲಕ ವೆಲಾಪಿ ಝೋಂಡಿ ಲಾರಿಯೊಳಗೇ ಮಲಗಿದ್ದ, ಬೆಳಿಗ್ಗೆ ಏಳಲಿಲ್ಲ. ಆಂಬುಲೆನ್ಸಿನವರಿಗೆ ಖನ್ಯೀಲೆ ಹೇಳಿದ್ದು ಹಾಗೆ, ಪೊಲೀಸರಿಗೆ ಹಾಗೆ, ಲಾರಿ ಕಂಪನಿಗೂ ಹಾಗೆಯೇ. ಎಲ್ಲರೂ ನಂಬಿದರು. ರೂಮಿನ ಭತ್ಯೆ ಉಳಿಸಲು ಚಾಲಕರು ಕ್ಯಾಬಿನ್ನಿನಲ್ಲೇ ಮಲಗುವುದು ಈ ಹೆದ್ದಾರಿಯಲ್ಲಿ ದಿನನಿತ್ಯದ ಮಾತು. ವೆಲಾಪಿ ಹಾಗೆ ಮಾಡುವವನಲ್ಲ. ಡರ್ಬನ್ನಿನಿಂದ ಘಟ್ಟ ಹತ್ತಿ ಬರುವಾಗಲೆಲ್ಲ ಆರನೇ ರೂಮು ಕೇಳುತ್ತಿದ್ದ, ಅದರ ಕಿಟಕಿಯಿಂದ ತನ್ನ ಲಾರಿ ಕಾಣುತ್ತದೆ ಎಂದು. ಆ ಸಂಜೆ ಅವನಿಗೆ ಎದೆ ಹಿಡಿದಂತಾಗಿತ್ತು, ಬಾಗಿಲಲ್ಲಿ ನಿಂತು ಬಿಸಿನೀರು ಕೇಳಿದ. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಕೊನೆಯ ಶೇರ್ ಟ್ಯಾಕ್ಸಿಗೆ ಓಡುತ್ತಿದ್ದಳು. "ಅಡುಗೆಮನೆ ಮುಚ್ಚಿದೆ ಅಣ್ಣಾ." ಮುಚ್ಚಿರಲಿಲ್ಲ. "ಆಗ್ಲಿ ತಂಗಿ, ಹೋಗು, ಟ್ಯಾಕ್ಸಿ ತಪ್ಪುತ್ತೆ" ಎಂದ ಅವನು. ಅವನು ಬೈದಿದ್ದರೆ ಚೆನ್ನಾಗಿತ್ತು.

ಕುರ್ಚಿಗಳನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳ ದಾಟುವಾಗ ಗಾಳಿ ಬೀಸಿ ಸುಟ್ಟ ಹುಲ್ಲಿನ ಬೂದಿ ಅವಳ ಬಿಳಿ ಏಪ್ರನ್ನಿಗೆ ಅಂಟಿತು. ಮುದುಕಿ ಕೂತಳು. ಅಣ್ಣ, ಬೆಕಿ ಎಂದು ಅವನ ಹೆಸರು, ಕೂರಲಿಲ್ಲ. ಕೊಂಬೆಯನ್ನು ಎದೆಯ ಮುಂದೆ ನೆಟ್ಟಗೆ ಹಿಡಿದು ನಿಂತೇ ಇದ್ದ. ಅವಳು ಟೀ ಚಾಚಿದಾಗ ಅವನು ನೋಡಲೂ ಇಲ್ಲ.

"ಅವನಿಗೆ ಬೇಡ ಮಗಳೇ," ಎಂದಳು ಮುದುಕಿ. "ಮರದಿಂದ ಕೊಂಬೆ ಮುರಿದ ಮೇಲೆ ಅವನು ಯಾರ ಹತ್ರಾನೂ ಮಾತಾಡೋ ಹಾಗಿಲ್ಲ. ಮನೆ ಸೇರೋವರೆಗೂ ತಮ್ಮನ ಹತ್ರ ಮಾತ್ರ."

"ನನ್ನ ಹೆಂಡತಿ ಕೈಗೂ ಒಂದು ಕೊಂಬೆ ಕೊಟ್ಟು ಕಳಿಸಿ ಮಾಖೋಜಾ," ಎಂದ ವಾಚ್‌ಮನ್ ಎಂಬಾಥಾ, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು. "ಒಂದು ವಾರ ಮನೆ ತಣ್ಣಗಿರ್ಲಿ."

ಮುದುಕಿ ನಕ್ಕಳು. ಹಲ್ಲಿಲ್ಲದ, ನಿಜವಾದ ನಗು. ಅಂಥ ದಿನ ನಗುವುದು ಸಾಧ್ಯ ಎಂದು ಜಿಬುಯಿಲೆಗೆ ಆಶ್ಚರ್ಯವಾಯಿತು, ಆಮೇಲೆ ಹೊಟ್ಟೆಕಿಚ್ಚಾಯಿತು.

"ನೀನು ನೋಡಿದ್ಯಾ ನನ್ನ ಮಗನ್ನ?" ಮುದುಕಿ ಮಾಖೋಜಾ ಕೇಳಿದಳು.

"ಸಂಜೆ ನೋಡಿದ್ದೆ ಅಮ್ಮ."

"ಏನಾದ್ರೂ ಕೇಳಿದ್ನಾ?"

"ಬಿಸಿನೀರು ಕೇಳಿದ್ರು."

"ಕೊಟ್ಯಾ?"

"ಕೊಟ್ಟೆ."

"ನಿನ್ನ ಹೊಟ್ಟೆ ತಣ್ಣಗಿರ್ಲಿ ತಾಯಿ." ಮುದುಕಿ ಅವಳ ಮಣಿಕಟ್ಟು ಹಿಡಿದು ಅಮುಕಿದಳು. ಒರಟಾದ, ಬೆಚ್ಚಗಿನ ಬೆರಳುಗಳು. ಬಿಡಿಸಿಕೊಳ್ಳಲು ಜಿಬುಯಿಲೆ ಟೀ ಟ್ರೇಯನ್ನು ನೆಪ ಮಾಡಬೇಕಾಯಿತು. ಖನ್ಯೀಲೆ ಅತ್ಯಂತ ಮೆದು ದನಿಯಲ್ಲಿ, ಆಯಾಸವಾಗಿದ್ದರೆ ನಾಲ್ಕನೇ ರೂಮು ತೆಗೆಸಿಕೊಡುತ್ತೇನೆ, ದುಡ್ಡು ಏನೂ ಬೇಡ, ಸ್ವಲ್ಪ ಹೊತ್ತು ಕಾಲು ಚಾಚಿ ಅಮ್ಮಾ ಎನ್ನುತ್ತಿದ್ದ. ನಾಲ್ಕನೇ ರೂಮು. ಜಿಬುಯಿಲೆಗೆ ನಗು ಉಕ್ಕಿ ಬಂತು, ತುಟಿ ಕಚ್ಚಿಕೊಂಡಳು.

ಅವನ ಮೆದು ದನಿ ಅವಳಿಗೆ ಗೊತ್ತಿತ್ತು. ಮೊದಲೆಲ್ಲ ಸಂಜೆ ಮನೆಗೆ ಹೊರಡುವಾಗ ಗೇಟಿನ ಬಳಿ ಅವಳ ಚೀಲವನ್ನು ಬುಡಮೇಲು ಮಾಡಿ ನೋಡುತ್ತಿದ್ದ, ಸೋಪು, ಟಾಯ್ಲೆಟ್ ಪೇಪರು, ಟೀ ಪುಡಿ ಏನಾದರೂ ಸಿಗುತ್ತದೋ ಎಂದು. ಬಾಚಣಿಗೆ, ಬೈಬಲ್ಲು, ಒಳಬಟ್ಟೆ ಎಲ್ಲ ಚಾಲಕರ ಎದುರಿಗೇ ಮೇಜಿನ ಮೇಲೆ ಬೀಳುತ್ತಿತ್ತು. ವೆಲಾಪಿ ಹೋದ ಬೆಳಿಗ್ಗೆಯಿಂದ ಅದು ನಿಂತಿತು. ಹೋಗು ತಂಗಿ ಎನ್ನುತ್ತಾನೆ. ಮೊದಲನೇ ದಿನ ಅವಳು ಗೇಟು ದಾಟಿ ಬಹಳ ದೂರ ಹೋಗಿ ನಿಂತು ತಾನೇ ಚೀಲ ತೆಗೆದು ನೋಡಿಕೊಂಡಿದ್ದಳು. ಎರಡನೇ ವಾರ ಒಂದು ಸೋಪು ತೆಗೆದುಕೊಂಡಳು. ಬೇಕೆಂದೇ ಮೇಲೆ ಕಾಣುವ ಹಾಗೆ ಇಟ್ಟಳು. ಅವನು ನೋಡಿದ, ಮುಖ ತಿರುಗಿಸಿದ. ಈಗ ಮನೆಯ ಕಪಾಟಿನಲ್ಲಿ ಲಾಡ್ಜಿನ ಹೆಸರು ಒತ್ತಿದ ಸೋಪುಗಳ ಸಾಲೇ ಇದೆ. ಒಂದನ್ನೂ ಬಿಚ್ಚಿಲ್ಲ. ಆ ವಾಸನೆಯಲ್ಲಿ ಮೈ ತೊಳೆದುಕೊಳ್ಳಲು ಅವಳಿಂದ ಆಗುವುದಿಲ್ಲ, ಎಸೆಯಲೂ ಆಗುವುದಿಲ್ಲ.

ಹನ್ನೊಂದನೇ ರೂಮಿನಲ್ಲಿ ಹಿಂದೆ ಒಬ್ಬ ಹೆಂಗಸು ಸತ್ತಿದ್ದಳು. ಆ ಚಳಿಗಾಲವೆಲ್ಲ ಲಾರಿಗಳು ನಿಲ್ಲದೆ ಕೆಳಗಿನ ಲಾಡ್ಜಿಗೆ ಹೋದವು. ಯಾರೂ ಕಣ್ಣಾರೆ ಕಾಣದ ಡರ್ಬನ್ನಿನ ಮಾಲೀಕ ಫೋನಿನಲ್ಲೇ ಮೂವರನ್ನು ಕೆಲಸದಿಂದ ತೆಗೆದ. ವೆಲಾಪಿ ಹೋದ ಬೆಳಿಗ್ಗೆ ಜಿಬುಯಿಲೆ ಆರನೇ ರೂಮಿನ ಬಾಗಿಲು ತಟ್ಟಿ, ಉತ್ತರ ಬಾರದೆ, ಖನ್ಯೀಲೆಯನ್ನು ಕೂಗಿದಾಗ ಅವನು ಬಂದು ಮಲಗಿದ್ದವನ ಕತ್ತಿಗೆ ಬೆರಳಿಟ್ಟ. ಒಂದು ಕೈಯಲ್ಲಿ ಫೋನು, ಅದರಲ್ಲಿ ಯಾರೋ ಹಲೋ ಹಲೋ ಎನ್ನುತ್ತಿದ್ದರು. "ಹೋದ," ಎಂದ. ಆಮೇಲೆ "ಇಲ್ಲಿ ಬೇಡ" ಎಂದ. ಅಷ್ಟೇ ಹೇಳಿದ್ದು. ಉಳಿದದ್ದನ್ನು ಅವಳೂ ಎಂಬಾಥಾನೂ ತಾವಾಗಿಯೇ ಅರ್ಥ ಮಾಡಿಕೊಂಡರು, ಅದನ್ನು ಅವಳು ಮರೆಯಲಾರಳು, ಯಾರೂ ಅವಳನ್ನು ಒತ್ತಾಯಿಸಿರಲಿಲ್ಲ. ಮೇಲುಹಾಸಿನ ಮೇಲೆ ಹಾಕಿಕೊಂಡು ಹೊತ್ತರು. ಕಾಲಿನ ಕಡೆ ಅವಳು. ಬಾಗಿಲು ದಾಟುವಾಗ ಅವನ ಎಡಗೈ ಜಾರಿ ಚೌಕಟ್ಟಿಗೆ ಬಂತು. ಬಂತು, ಒಂದು ಕ್ಷಣ ಅಲ್ಲೇ ನಿಂತಿತು, ಅವರೆಲ್ಲ ತಡೆದು ನಿಲ್ಲಬೇಕಾಯಿತು. ಖನ್ಯೀಲೆ ಬೆರಳುಗಳನ್ನು ಬಿಡಿಸಿದ. ತಗುಲಿದ ಕೈಯನ್ನು ಸರಿಸುತ್ತಾರೆ. ಬಿಡಿಸುವುದು ಹಿಡಿದ ಕೈಯನ್ನು.

ಅಥವಾ ಬಿಡಿಸಲಿಲ್ಲವೇನೋ. ಸರಿಸಿದನೇನೋ. ಎಷ್ಟು ಸಲ ಆ ಕೈಯನ್ನು ನೋಡಿದ್ದಾಳೆಂದರೆ ಈಗ ಅದು ಅವಳು ಹೇಳಿದ ಹಾಗೆ ಕೇಳುತ್ತದೆ. ಬೇಕೆಂದರೆ ಹಿಡಿಯುತ್ತದೆ, ಬೇಡವೆಂದರೆ ಜೋತುಬೀಳುತ್ತದೆ.

ಎಂಬಾಥಾ ದೀಪದ ಕಂಬದ ಕೆಳಗಿನ ಜಾಗ ತೋರಿಸಿದ. ಅಲ್ಲಿ ಈಗ ಬೇರೆ ಲಾರಿ ನಿಂತಿತ್ತು, ಸಕ್ಕರೆ ಹೇರಿದ್ದು. ಚಾಲಕ ಕ್ಯಾಬಿನ್ನಿನಲ್ಲಿ ಕೂತು ಕರಿದ ಹಿಟ್ಟಿನುಂಡೆ ತಿನ್ನುತ್ತಿದ್ದ. ಎಂಬಾಥಾ ಬಾಯಿ ತೆರೆಯುವ ಮೊದಲೇ ಅವನು ಕೊಂಬೆಯನ್ನು ಕಂಡ. ಉಂಡೆಯನ್ನು ಕಾಗದದಲ್ಲಿ ಸುತ್ತಿಟ್ಟು, ಟೋಪಿ ತೆಗೆದು, ಲಾರಿಯನ್ನು ಸದ್ದಿಲ್ಲದಷ್ಟು ನಿಧಾನವಾಗಿ ಹಿಂದಕ್ಕೆ ತೆಗೆದ. ಎಣ್ಣೆ ಸುರಿದು ಕಪ್ಪಾದ ನೆಲ ಹೊರಬಿತ್ತು. ಒಂದು ಬಾಟಲಿ ಮುಚ್ಚಳ, ಕಿತ್ತಳೆ ಸಿಪ್ಪೆ. ಮಾಖೋಜಾ ಬಗ್ಗಿ ಸಿಪ್ಪೆಯನ್ನು ಆರಿಸಿ ಕಂಬಳಿಯ ಮರೆಗೆ ಹಾಕಿಕೊಂಡಳು, ಅತಿಥಿ ಬರುವ ಮೊದಲು ಅಂಗಳ ಗುಡಿಸುವವಳ ಹಾಗೆ.

"ಎಂಟು, ಒಂಬತ್ತನೇ ರೂಮು ಇನ್ನೂ ಆಗಿಲ್ಲ," ಎಂದ ಖನ್ಯೀಲೆ ಅವಳ ಕಿವಿಯ ಹತ್ತಿರ. "ಇಲ್ಲೇನು ಮದುವೆ ನಡೀತಿದ್ಯಾ, ನಿಂತು ನೋಡೋಕೆ?"

ಒದ್ದೆ ಶೀಟುಗಳ ಬುಟ್ಟಿ ಹೊತ್ತು ಅವಳು ಹಿತ್ತಲ ಹಗ್ಗದ ಹತ್ತಿರ ಹೋದಳು. ಎಂಬಾಥಾ ಹಿಂದೆಯೇ ಬಂದ, ಬೀಡಿಯ ನೆಪದಲ್ಲಿ.

"ಅಣ್ಣಾ, ಅವರು ಕರೀತಿರೋದು ತಪ್ಪು ಜಾಗದಲ್ಲಿ," ಎಂದಳು.

"ಬಟ್ಟೆ ಹಾಕು."

"ಅವನು ಆರರಲ್ಲಿದ್ದಾನೆ. ಬರೀ ಕಡ್ಡಿ ತಗೊಂಡು ಹೋಗ್ತಾರೆ."

"ಆರರಲ್ಲೇ ಹೋದ ಅಂತ ನಿನಗೆ ಗೊತ್ತಿದ್ರೆ ಸುಮ್ನೆ ನಿದ್ದೆ ಮಾಡು. ಸತ್ತವನನ್ನ ಹೊತ್ವಿ. ಅದು ಪಾಪ ಅಲ್ಲ, ಬರೀ ಸುಳ್ಳು."

"ನಿನಗೆ ಗೊತ್ತಾ?"

ಎಂಬಾಥಾ ಬೀಡಿ ಹಚ್ಚಲು ಮೂರು ಕಡ್ಡಿ ಹಾಳು ಮಾಡಿದ. ಗಾಳಿ ಅಷ್ಟಿರಲಿಲ್ಲ. "ನನಗೆ ಆವತ್ತು ಸೊಂಟ ನೋವು," ಎಂದ. "ಸೊಂಟದ ಮೇಲೇ ಇತ್ತು ಗಮನ. ನನ್ನನ್ನ ಕೇಳ್ಬೇಡ."

ಅವನು ಹೋದ ಮೇಲೆ ಶೀಟಿನ ಎರಡು ತುದಿ ಹಿಡಿದು ಝಾಡಿಸಿದಳು. ಶೀಟುಗಳ ನಡುವಿನ ಸಂದಿಯಲ್ಲಿ ಅಂಗಳ ಕಾಣುತ್ತಿತ್ತು, ಶೀಟು ಅಲ್ಲಾಡಿದರೆ ಮರೆಯಾಗುತ್ತಿತ್ತು. ಬೆಕಿ ಮೊಣಕಾಲೂರಿ ಕೊಂಬೆಯ ಬುಡವನ್ನು ಎಣ್ಣೆನೆಲಕ್ಕೆ ಮುಟ್ಟಿಸಿದ. ಮುದುಕಿ ಬಾಯಿ ತೆರೆದಳು. "ಝೋಂಡಿ! ನೋಂಡಾಬಾ!" ಎಂಬಷ್ಟು ಮಾತ್ರ ಗಾಳಿಯಲ್ಲಿ ಬಂತು, ಕುಲದ ಹೆಸರು, ಉಳಿದದ್ದನ್ನು ಘಟ್ಟ ಇಳಿಯುವ ಲಾರಿಗಳ ಬ್ರೇಕಿನ ನರಳಾಟ ನುಂಗಿತು. ಕರೆಯಲಿ. ಕರೆದು ಕರೆದು ಸಾಕಾಗಲಿ. ಏನೂ ಬರದೆ, ಇಲ್ಲಿಲ್ಲ ನನ್ನ ಮಗ, ಇನ್ನೆಲ್ಲಿಟ್ಟಿದ್ದೀರಿ ಅವನನ್ನು ಎಂದು ಮುದುಕಿ ಖನ್ಯೀಲೆಯ ಕಡೆ ತಿರುಗಲಿ. ತನಗೆ ಬೇಕಾದದ್ದು ಅದೇ ಎಂದು ಜಿಬುಯಿಲೆಗೆ ಹೊಳೆಯಿತು, ಹೊಳೆದದ್ದೇ ಕೈಯಿಂದ ಶೀಟು ಜಾರಿ ಬೂದಿಯಲ್ಲಿ ಬಿತ್ತು. ಆ ಮುದುಕಿಯ ಮಗ ಮನೆ ಸೇರಲಿ ಎಂದು ಅವಳು ಬಯಸುತ್ತಿರಲಿಲ್ಲ. ಅವನು ಆರನೇ ರೂಮಿನಲ್ಲಿ ಇರಲಿ ಎಂದು ಬಯಸುತ್ತಿದ್ದಳು. ಆರರಲ್ಲಿದ್ದರೆ ಹೊರುವ ಮೊದಲೇ ಸತ್ತಿದ್ದ. ಆಗ ಅವಳು ಹೊತ್ತದ್ದು ಹೆಣ. ಅಂಗಳದಲ್ಲಿದ್ದರೆ, ಕ್ಯಾಬಿನ್ನಿನ ಎತ್ತರದ ಮೆಟ್ಟಿಲ ಮೇಲೆ ಅವನನ್ನು ತಳ್ಳಿ, ಸೀಟಿಗೆ ಒರಗಿಸಿ, ಬಾಗಿಲು ಹಾಕಿ, ಸೂರ್ಯ ಮೇಲೇರುವವರೆಗೆ ಯಾರಿಗೂ ಫೋನು ಮಾಡದೆ ಅಡುಗೆಮನೆಯಲ್ಲಿ ಟೀ ಕುಡಿಯುತ್ತ ಕೂತಿದ್ದಾಗ ಅವನಿಗಿನ್ನೂ ಉಸಿರಿತ್ತು. ಆ ಟೀಗೆ ಅವಳು ಎರಡು ಸಲ ಸಕ್ಕರೆ ಹಾಕಿಕೊಂಡಿದ್ದಳು.

ಅಪ್ಪನ ಗಣಿಯ ಗೇಟು ನೆನಪಾಯಿತು. ಅವಳು ನೋಡಿರದ ಗೇಟು. ಚಿಕ್ಕಪ್ಪ ಅದರ ಹೊರಗೆ ನಿಂತು ಕರೆದು, ಕೊಂಬೆಯಲ್ಲಿ ಏನೂ ಇಲ್ಲವೆಂದು ಗೊತ್ತಿದ್ದೂ ಬಸ್ಸಿನಲ್ಲಿ ಅದಕ್ಕೊಂದು ಸೀಟು ಕೊಂಡಿದ್ದ. ದಾರಿಯುದ್ದಕ್ಕೂ ಅದರ ಹತ್ತಿರ ಮಾತಾಡಿದ್ದ. ಹೊಳೆ ದಾಟ್ತಿದ್ದೀವಿ ಅಣ್ಣಾ. ಚರ್ಚು ಬಂತು ಅಣ್ಣಾ. ಹಾಗೆ ಮಾತಾಡುತ್ತ ಬಂದವನಿಗೆ ಮನೆಯ ಬಾಗಿಲಲ್ಲಿ ಅಮ್ಮನ ಮುಖ ಕಂಡಾಗ ಏನನಿಸಿತ್ತೋ. ಅವನ ಮೇಲೆ ಅವಳಿಗೆ ಇದುವರೆಗೆ ಸಿಟ್ಟು ಮಾತ್ರ ಇತ್ತು.

ಬೆಕಿ ಎದ್ದ. ಮುದುಕಿಯೂ ಎದ್ದಳು, ಎಂಬಾಥಾನ ತೋಳು ಹಿಡಿದು. ಮೂವರೂ ಗೇಟಿನ ಕಡೆ ನಡೆದರು. ಮುದುಕಿಯ ಮುಖ ಶೀಟಿನ ಹಿಂದಾಯಿತು. ಕರೆದವನು ಬಂದನೋ ಇಲ್ಲವೋ, ನಡಿಗೆಯಲ್ಲಿ ಏನೂ ತಿಳಿಯುವ ಹಾಗಿರಲಿಲ್ಲ.

ಜಿಬುಯಿಲೆ ಬಿದ್ದ ಶೀಟನ್ನು ಎತ್ತಿದಳು, ಬೂದಿಯ ಕಲೆ ನೋಡಿದಳು, ಬುಟ್ಟಿಗೆ ಹಾಕಿದಳು. ಇದನ್ನು ಮತ್ತೆ ಒಗೆಯಬೇಕು, ಒಗೆದು ಹಾಕಿ ಎಂಟಕ್ಕೆ ಹೋಗಬೇಕು, ಎಂಟರಲ್ಲಿ ನಲ್ಲಿಯ ವಾಷರು ಹೋಗಿದೆ ಎಂದು ಹೇಳಬೇಕು. ಏಪ್ರನ್ನಿನ ಜೇಬಿನಲ್ಲಿ ಬೀಗದ ಕೈಗಳು ತೊಡೆಗೆ ಬಡಿಯುತ್ತಿದ್ದವು. ಓಡುತ್ತಿದ್ದೇನೆ ಎಂದು ಆಗ ತಿಳಿಯಿತು. ಆಫೀಸಿನ ಕಿಟಕಿಯಲ್ಲಿ ಖನ್ಯೀಲೆ ಫೋನಿನಲ್ಲಿ ಮಾತಾಡುತ್ತಿದ್ದವನು ತಲೆ ಎತ್ತಿದ. ಅವಳು ನಿಲ್ಲಲಿಲ್ಲ. ಮನೆಯಲ್ಲಿ ತಿನ್ನುವ ಬಾಯಿಗಳು, ತಂಗಿಯ ಮಗಳ ಶಾಲೆ, ಎಲ್ಲವೂ ಅವಳ ಜೊತೆಗೇ ಓಡಿ ಬಂದವು, ಒಂದೂ ಹಿಂದೆ ಬೀಳಲಿಲ್ಲ.

ಗೇಟಿನ ಹೊರಗೆ ಟ್ಯಾಕ್ಸಿ ಬಂದು ನಿಂತಿತ್ತು. ಅದರ ಹುಡುಗ ಹಿಂದಿನ ಸೀಟಿನವರನ್ನು ಒತ್ತಿ ಕೂರಿಸುತ್ತ ಮೂರು ಸೀಟು ಖಾಲಿ ಮಾಡಿಸುತ್ತಿದ್ದ. ಕೊಂಬೆಯನ್ನು ಕಂಡು ಒಳಗಿನವರೆಲ್ಲ ಮಾತು ನಿಲ್ಲಿಸಿದ್ದರು.

"ಅಮ್ಮಾ," ಎಂದಳು ಜಿಬುಯಿಲೆ. ಉಸಿರು ಸಿಗಲಿಲ್ಲ. "ಅಮ್ಮಾ, ಹೋಗ್ಬೇಡಿ. ಅವರು ಲಾರಿಯಲ್ಲಿ ಮಲಗಿರ್ಲಿಲ್ಲ. ರೂಮಿನಲ್ಲಿ ಮಲಗಿದ್ರು. ಆರನೇ ರೂಮು. ಅಲ್ಲೇ ಹೋದ್ರು. ಆಮೇಲೆ ನಾವು ಲಾರಿಗೆ ಹೊತ್ಕೊಂಡು ಹೋದ್ವಿ, ನಾನು, ಇವನು, ಮ್ಯಾನೇಜರು. ರೂಮಿಗೆ ಕೆಟ್ಟ ಹೆಸರು ಬರುತ್ತೆ ಅಂತ."

ಎಂಬಾಥಾ ಟೋಪಿಯನ್ನು ಮುಖಕ್ಕೆ ಎಳೆದುಕೊಂಡ. ಬೆಕಿ ಅವಳನ್ನು ನೋಡಿದ. ಮೊದಲ ಸಲ ನೋಡಿದ. ಅವನ ದವಡೆ ಅಲ್ಲಾಡಿತು, ಬಾಯಿ ತೆರೆಯಲಿಲ್ಲ.

"ಬೀಗದ ಕೈ ನನ್ನ ಹತ್ರ ಇದೆ," ಎಂದಳು. "ಯಾರೂ ತಡೆಯಲ್ಲ. ಕೊಂಬೆ ತಗೊಂಡು ಬನ್ನಿ, ಒಂದು ಸಲ ಅಲ್ಲಿ ಕರೀರಿ."

ಮಾಖೋಜಾ ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡಳು. ಮುಖದಲ್ಲಿ ಸಿಟ್ಟು ಬರುತ್ತದೆಂದು ಜಿಬುಯಿಲೆ ಕಾದಳು. ಬರಲಿಲ್ಲ.

"ಹೊತ್ಕೊಂಡು ಹೋಗುವಾಗ ಉಸಿರಿತ್ತಾ?" ಎಂದಳು ಮುದುಕಿ.

"ಇರ್ಲಿಲ್ಲ ಅಮ್ಮಾ."

"ಹಾಗಾದ್ರೆ ನಾನು ಕರೆದಾಗ ಈ ಅಂಗಳದಲ್ಲಿ ಅವನು ಯಾಕಿದ್ದ?"

ಟ್ಯಾಕ್ಸಿಯೊಳಗೆ ಯಾರೋ ಕೆಮ್ಮಿದರು. ಬೆಕಿ ಕೊಂಬೆಯ ಕಡೆ ಬಗ್ಗಿ, ಹತ್ತೋಣ ತಮ್ಮಾ, ತಲೆ ಬಗ್ಗಿಸು ಎಂದು ಮೆಲ್ಲಗೆ ಹೇಳಿ, ಅದನ್ನು ಕಿಟಕಿಯ ಪಕ್ಕದ ಸೀಟಿಗೆ ಒರಗಿಸಿದ.

"ಒಂದು ಸಲ ಬನ್ನಿ," ಎಂದಳು ಜಿಬುಯಿಲೆ. ಮುದುಕಿಯ ಕಂಬಳಿಯ ಅಂಚು ಹಿಡಿದಿದ್ದಳು. "ಇನ್ನೂ ಅಲ್ಲೇ ಇರಬಹುದು. ಬಾಗಿಲು ತಟ್ಟಿದ್ರೆ ನನಗೆ ಗೊತ್ತಾಗುತ್ತೆ. ಸುಮ್ನೆ ಒಂದು ಸಲ ಕರೆದು ನೋಡಿ ಅಮ್ಮಾ, ನನಗೋಸ್ಕರ."

ಮಾಖೋಜಾ ಅವಳ ಬೆರಳುಗಳನ್ನು ಕಂಬಳಿಯಿಂದ ಒಂದೊಂದಾಗಿ ತೆಗೆದಳು.

"ನಾವು ಬರಲ್ಲ," ಎಂದಳು.